ಕಡ್ಡಾಯದ ಕಡಲಯಾನ: ಪರದೇಶ ವ್ಯಾಸಂಗದ ಚರಿತ್ರೆಯ ಕೆಲವು ಪುಟಗಳು

ಪದವಿ ಬೇಕಾದರೆ ಹೊರದೇಶದಲ್ಲಿ ಕೆಲಕಾಲ ಓದಿಯೇ ತೀರಬೇಕೆಂಬ ನಿಯಮವನ್ನು ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಗೌಚರ್ ಕಾಲೇಜು 2006ರಲ್ಲಿ ಪ್ರವೇಶ ಪಡೆದ ಸ್ನಾತಕ ವಿದ್ಯಾರ್ಥಿಗಳಿಂದ ಮೊದಲುಗೊಂಡು ಎಲ್ಲರಿಗೂ ಅನ್ವಯಿಸಿತು. ಅದಕ್ಕಿಂತ ಎರಡು ದಶಕ ಮುಂಚೆ, 1987ರಲ್ಲಿ, ಯುರೋಪಿನ 11 ರಾಷ್ಟ್ರಗಳು ಎರಾಸ್ಮಸ್ ಯೋಜನೆಯನ್ನು ಆರಂಭಿಸಿದಾಗ ಮೊದಲ ವರ್ಷ 3,244 ವಿದ್ಯಾರ್ಥಿಗಳು ನೆರೆದೇಶಗಳ ವಿಶ್ವವಿದ್ಯಾಲಯಗಳಿಗೆ ಹೋಗಿ ಓದಿದರು. ಎರಡನೆಯದರಲ್ಲಿ ಕಟ್ಟಳೆಯಿರಲಿಲ್ಲ, ಅವಕಾಶವಷ್ಟೇ ಇತ್ತು. ಉನ್ನತ ಶಿಕ್ಷಣವನ್ನು ಕುರಿತ ಇಂದಿನ ಚರ್ಚೆಗಳಲ್ಲಿ ಈ ಎರಡರ ನಡುವಣ ಅಂತರ ಮಸುಕಾಗುತ್ತಿದೆ. ಪರದೇಶದ ಓದು ಹಿತಕರವೆಂದು ಒಪ್ಪಿದವರು ಅದನ್ನು ಕಡ್ಡಾಯಗೊಳಿಸುವುದೂ ಹಿತಕರವೆಂದು ಒಪ್ಪಿದಂತೆಯೇ ಎಂದು ಭಾವಿಸಲಾಗುತ್ತದೆ. ಈ ಭಾವನೆಯನ್ನು ಒರೆಗೆ ಹಚ್ಚಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಕಡ್ಡಾಯದ ಪರದೇಶ ವ್ಯಾಸಂಗವೆಂಬುದು ಭಾರತಕ್ಕೆ ಹೊಸ ಪ್ರಸ್ತಾಪವಲ್ಲ. ಅದು ಈ ನೆಲದಲ್ಲಿ ಅರುವತ್ತು ವರ್ಷಗಳಿಗೂ ಮಿಗಿಲಾಗಿ ಜಾರಿಯಲ್ಲಿದ್ದ ವ್ಯವಸ್ಥೆ.

1853ರ ಸನದು ಕಾಯಿದೆಯ ಮೂಲಕ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಕೈಯಲ್ಲಿದ್ದ ನೇಮಕದ ಅಧಿಕಾರ ಹೋಗಿ, ಭಾರತದ ಸಿವಿಲ್ ಸರ್ವಿಸ್ ಸ್ಪರ್ಧಾತ್ಮಕ ಪರೀಕ್ಷೆಗೆ ತೆರೆದುಕೊಂಡಿತು. ಮೊದಲ ಪರೀಕ್ಷೆ 1855ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಕಾಯಿದೆಯ ಭಾಷೆಯಲ್ಲಿ ಭಾರತೀಯರಿಗೆ ಯಾವ ತಡೆಯೂ ಇರಲಿಲ್ಲ. ಆದರೆ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ನಿಗದಿಯಾಗಿದ್ದ ಅಂಕಗಳು ಸಂಸ್ಕೃತ, ಅರಬ್ಬಿಗಳ ಅಂಕಗಳಿಗಿಂತ ಬಹಳ ಹೆಚ್ಚು. ಆದ್ದರಿಂದ ಪರೀಕ್ಷೆಯ ದಿನಕ್ಕೆ ಹಡಗಿನಲ್ಲಿ ಹೋಗಿ ಇಳಿದರೆ ಸಾಲದು. ವರ್ಷಗಟ್ಟಲೆ ಮುಂಚಿತವಾಗಿ ಹೋಗಿ ಅಲ್ಲಿನ ಅಧ್ಯಾಪಕರ ಬಳಿ ಓದಬೇಕಾಗಿತ್ತು. ಕಾನೂನಿನ ಪುಟದಲ್ಲಿ ಎಲ್ಲಿಯೂ ಬರೆದಿರದ ಈ ಕಡ್ಡಾಯವು ಬರೆದಿಟ್ಟ ಕಡ್ಡಾಯಕ್ಕಿಂತ ಬಿಗಿಯಾಗಿತ್ತು.

ಇದಕ್ಕೆ ವಯೋಮಿತಿಯ ಕುಣಿಕೆ ಬೇರೆ. ಆರಂಭದಲ್ಲಿ 23 ಇದ್ದ ಗರಿಷ್ಠ ವಯಸ್ಸು ಹಂತಹಂತವಾಗಿ ಇಳಿದು 1878ರ ವೇಳೆಗೆ 19ಕ್ಕೆ ಬಂದು ನಿಂತಿತು. ಅಂದರೆ ಭಾರತದ ಹುಡುಗನೊಬ್ಬ ಈ ಪರೀಕ್ಷೆಗೆ ಕೂರಬೇಕಾದರೆ ಹದಿನಾರು ಹದಿನೇಳರ ಪ್ರಾಯದಲ್ಲಿಯೇ, ತನ್ನ ದೇಶದ ಯಾವ ಕಾಲೇಜಿನಲ್ಲಿಯೂ ಓದು ಮುಗಿಸದೆ, ಮನೆ ಬಿಟ್ಟು ಹೊರಡಬೇಕು. ಸುರೇಂದ್ರನಾಥ ಬ್ಯಾನರ್ಜಿಯವರು ಈ ವಯೋಮಿತಿಯ ವಿರುದ್ಧ ದೇಶವನ್ನು ಸುತ್ತಿ ಸಭೆಗಳನ್ನು ನಡೆಸಿದರು. ಭಾರತದ ರಾಜಕೀಯ ಚಳವಳಿಯ ಮೊದಮೊದಲ ಅಖಿಲ ಭಾರತ ಸ್ವರೂಪದ ಪ್ರಯತ್ನಗಳಲ್ಲಿ ಇದೂ ಒಂದು ಎಂಬುದನ್ನು ಶಿಕ್ಷಣದ ಚರಿತ್ರಕಾರರು ಅಷ್ಟಾಗಿ ನೆನೆಯುವುದಿಲ್ಲ. ವಯೋಮಿತಿ ಮತ್ತೆ 23ಕ್ಕೆ ಏರಿದ್ದು 1892ರಲ್ಲಿ. ಮರುವರ್ಷ, 1893ರ ಜೂನ್ ತಿಂಗಳಲ್ಲಿ, ಭಾರತದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಏಕಕಾಲದಲ್ಲಿ ಪರೀಕ್ಷೆ ನಡೆಸಬೇಕೆಂಬ ನಿರ್ಣಯ ಬ್ರಿಟಿಷ್ ಹೌಸ್ ಆಫ್ ಕಾಮನ್ಸ್‌ನಲ್ಲಿ ಅಲ್ಪ ಬಹುಮತದಿಂದ ಅಂಗೀಕಾರವಾಯಿತು. ದಾದಾಭಾಯಿ ನವರೋಜಿಯವರು ಆಗ ಆ ಸಭೆಯ ಸದಸ್ಯರು; ಈ ಬೇಡಿಕೆಯನ್ನು ದಶಕಗಳ ಕಾಲ ಹೊತ್ತು ನಡೆದವರು. ನಿರ್ಣಯ ಕಾಗದದಲ್ಲಿಯೇ ಉಳಿಯಿತು. ಅಲಹಾಬಾದಿನಲ್ಲಿ ಮೊದಲ ಪರೀಕ್ಷೆ ನಡೆಯಲು 1922 ಬರಬೇಕಾಯಿತು.

ಆ ಬಳಿಕವೂ ಕಡ್ಡಾಯ ತಪ್ಪಲಿಲ್ಲ. ಭಾರತದಲ್ಲಿ ತೇರ್ಗಡೆಯಾದವರು ತರಬೇತಿಯ ಅವಧಿಯನ್ನು ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಕಳೆಯಬೇಕಾಗಿತ್ತು. ಎರಡನೆಯ ಮಹಾಯುದ್ಧ ಕಡಲದಾರಿಯನ್ನು ಮುಚ್ಚುವವರೆಗೂ ಈ ಪದ್ಧತಿ ನಡೆಯಿತು. ಅಲ್ಲಿ ಅವರು ಓದುತ್ತಿದ್ದ ವಿಷಯಗಳಲ್ಲಿ ಭಾರತದ ಚರಿತ್ರೆ, ಭಾರತದ ಕಾನೂನು, ತಾವು ಕೆಲಸ ಮಾಡಬೇಕಾದ ಪ್ರಾಂತದ ಒಂದು ದೇಶಭಾಷೆ ಸೇರಿದ್ದವು. ಭಾರತೀಯನೊಬ್ಬ ಭಾರತದ ಚರಿತ್ರೆಯನ್ನೂ ಭಾರತದ ಭಾಷೆಯನ್ನೂ ಕಲಿಯಲು ಆಕ್ಸ್‌ಫರ್ಡಿಗೆ ಹೋಗಬೇಕಾದ ಈ ವಿಪರ್ಯಾಸಕ್ಕೆ ಶೈಕ್ಷಣಿಕ ಕಾರಣವನ್ನು ಹುಡುಕುವುದು ವ್ಯರ್ಥ. ಅಲ್ಲಿ ಕಲಿಸಬೇಕೆಂದಿದ್ದುದು ಪಠ್ಯವನ್ನಲ್ಲ, ಆಳುವ ವರ್ಗದ ನಡೆನುಡಿಯನ್ನು.

ಈ ದಾರಿಯಲ್ಲಿ ಗೆದ್ದು ಬಂದವರಿಲ್ಲವೆಂದಲ್ಲ. 1863ರಲ್ಲಿ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಮುಂಬಯಿ ಪ್ರಾಂತದಲ್ಲಿ ಸೇವೆ ಸಲ್ಲಿಸಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು 1883ರಲ್ಲಿ ಕಾರವಾರದ ಕಡಲ ದಂಡೆಯಲ್ಲಿ ಕುಳಿತು ಬರೆದದ್ದು ಕನ್ನಡಿಗರಿಗೆ ತಿಳಿದ ಸಂಗತಿ. ಅದೇ ರವೀಂದ್ರನಾಥರನ್ನು ಬ್ಯಾರಿಸ್ಟರ್ ಮಾಡುವ ಆಸೆಯಿಂದ 1878ರಲ್ಲಿ ಮನೆಯವರು ಇಂಗ್ಲೆಂಡಿಗೆ ಕಳುಹಿಸಿದ್ದರು. 1880ರಲ್ಲಿ ಅವರು ಯಾವ ಪದವಿಯೂ ಇಲ್ಲದೆ ಮರಳಿದ್ದರು. ರಮೇಶಚಂದ್ರ ದತ್ತರು 1868ರಲ್ಲಿ ಮನೆಯವರಿಗೆ ತಿಳಿಸದೆ ಹೊರಟು, ಮರುವರ್ಷವೇ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂದೆ ಬ್ರಿಟಿಷ್ ಆಡಳಿತದ ಆರ್ಥಿಕ ಶೋಷಣೆಯನ್ನು ಅಂಕಿಅಂಶಗಳ ಸಮೇತ ಬಯಲಿಗೆಳೆದ ಚರಿತ್ರಕಾರರು ಅವರೇ. ಆದರೆ ಇಂತಹ ಹೆಸರುಗಳನ್ನು ಮುಂದಿಟ್ಟುಕೊಂಡು ವ್ಯವಸ್ಥೆಯನ್ನು ಸಮರ್ಥಿಸುವಾಗ ಒಂದು ಪ್ರಶ್ನೆ ಉಳಿಯುತ್ತದೆ. ಹಡಗಿನ ಟಿಕೇಟಿಗೆ ಹಣವಿಲ್ಲದೆ, ಅಥವಾ ಜಾತಿಯಿಂದ ಹೊರಗುಳಿಯುವ ಭಯದಿಂದ, ಹೊರಡದೇ ಉಳಿದವರ ಹೆಸರುಗಳನ್ನು ಯಾವ ದಾಖಲೆಯಲ್ಲಿ ಹುಡುಕಬೇಕು? ಕಡ್ಡಾಯದ ಚರಿತ್ರೆಯನ್ನು ಹೋಗಿಬಂದವರ ಆತ್ಮಕಥೆಗಳಿಂದ ಮಾತ್ರ ಕಟ್ಟಿದರೆ ಅದು ಅರ್ಧ ಚರಿತ್ರೆಯಾಗುತ್ತದೆ.

ಜಾತಿಯ ಭಯವೆಂಬ ಮಾತು ಬಂದದ್ದರಿಂದ ಕಡಲಯಾನದ ನಿಷೇಧವನ್ನು ಕುರಿತು ಸ್ವಲ್ಪ ನಿಂತು ನೋಡಬೇಕಾಗುತ್ತದೆ. ಜೈನ ಕಥಾಸಾಹಿತ್ಯವನ್ನು ಬಲ್ಲವರಿಗೆ ಈ ನಿಷೇಧ ವಿಚಿತ್ರವಾಗಿ ಕಾಣದಿರದು. ‘ಣಾಯಾಧಮ್ಮಕಹಾಓ’ ಆಗಮದಲ್ಲಿ ಬರುವ ಮಾಕಂದಿಯ ಮಕ್ಕಳು ಹನ್ನೊಂದು ಸಲ ಕಡಲು ದಾಟಿ ಲಾಭ ಗಳಿಸಿ, ತಂದೆತಾಯಿಗಳ ಮಾತು ಮೀರಿ ಹನ್ನೆರಡನೆಯ ಸಲ ಹೊರಟವರು. ಹಡಗು, ಬಿರುಗಾಳಿ, ರತ್ನದ್ವೀಪ, ಪರದೇಶದ ಬಂದರು ಇವಿಲ್ಲದ ಜೈನ ಕಥಾಕೋಶವೇ ಅಪರೂಪ. ವಾಹನವೇರದ ಮುನಿಗೆ ಕಡಲು ನಿಷಿದ್ಧವಾದದ್ದು ಆಚಾರದ ದೃಷ್ಟಿಯಿಂದ ಸಹಜ. ಶ್ರಾವಕನಿಗೆ ಅದು ಜೀವನೋಪಾಯದ ದಾರಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಆ ಭೇದವೂ ಅಳಿಸಿಹೋಗಿ, ವಣಿಕ ಸಮುದಾಯಗಳೂ ಕಡಲನ್ನು ಕಂಡು ಹೆದರತೊಡಗಿದ್ದವು.

ಓದಿಗಾಗಿ ದೇಶಾಂತರ ಹೋಗುವುದಂತೂ ಪ್ರಾಚೀನರಿಗೆ ಪರಿಚಿತವೇ. ಉದ್ಯೋತನಸೂರಿಯು ಜಾವಾಲಿಪುರದಲ್ಲಿ, ಅಂದರೆ ಇಂದಿನ ಜಾಲೋರಿನಲ್ಲಿ, ಕ್ರಿ.ಶ. 779ರಲ್ಲಿ ಮುಗಿಸಿದ ಪ್ರಾಕೃತ ಚಂಪೂ ‘ಕುವಲಯಮಾಲಾ’ದಲ್ಲಿ ದಕ್ಷಿಣದ ವಿಜಯಪುರಿಯ ಒಂದು ಮಠದ ವರ್ಣನೆಯಿದೆ. ಲಾಟ, ಕರ್ಣಾಟ, ಮಾಲವ, ಕನೌಜು, ಮಹಾರಾಷ್ಟ್ರ, ಸೌರಾಷ್ಟ್ರ, ಸೈಂಧವ ಮೊದಲಾದ ದೇಶಗಳ ಛಾತ್ರರು ಅಲ್ಲಿ ನೆರೆದಿದ್ದಾರೆ. ಒಂದು ಕಡೆ ವ್ಯಾಕರಣದ ಪಾಠ, ಇನ್ನೊಂದೆಡೆ ಬೌದ್ಧದರ್ಶನ, ಮತ್ತೊಂದೆಡೆ ಸಾಂಖ್ಯ, ವೈಶೇಷಿಕ, ಮೀಮಾಂಸೆ, ಅನೇಕಾಂತವಾದ. ಕೊನೆಗೆ ಲೋಕಾಯತವೂ ಉಂಟು. ಕವಿ ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಆದರ್ಶ ವಿದ್ಯಾಕೇಂದ್ರದ ಒಂದು ಚಿತ್ರವಾಗಿ ಉಳಿಯುತ್ತಿತ್ತು. ಆತ ಪಾಠಶಾಲೆಯಿಂದ ಹೊರಬಂದು ಛಾತ್ರರ ಹರಟೆಗೂ ಕಿವಿಗೊಡುತ್ತಾನೆ. ಊಟದ ಮಾತು, ರಾಜಕುಮಾರಿಯ ಮಾತು, ಅರೆಬರೆ ಸಂಸ್ಕೃತ, ತಮ್ಮ ತಮ್ಮ ನಾಡಿನ ನುಡಿಗಳ ಬೆರಕೆ, ಅರ್ಥವಿಲ್ಲದ ಪಾಂಡಿತ್ಯ ಪ್ರದರ್ಶನ. ಕಥಾನಾಯಕ ಅವರ ಮೂರ್ಖತನವನ್ನು ಕಂಡು ಬೆರಗಾಗುತ್ತಾನೆ. ದೂರ ಬಂದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲವೆಂಬುದನ್ನು ಉದ್ಯೋತನನು ಉಪದೇಶಿಸದೆ ನಗಿಸಿಯೇ ಹೇಳಿದ್ದಾನೆ. ಇಂದಿನ ವಿನಿಮಯ ಕಾರ್ಯಕ್ರಮಗಳ ವರದಿಗಳಲ್ಲಿ ಈ ಪ್ರಾಮಾಣಿಕತೆ ಸಿಗುವುದು ಕಷ್ಟ.

ಇದಕ್ಕೆ ಎದುರಾಗಿ ನಿಲ್ಲುವುದು ಅಕಲಂಕರ ಕಥೆ. ಪ್ರಭಾಚಂದ್ರನ ಕಥಾಕೋಶದ ಪ್ರಕಾರ ಮಾನ್ಯಖೇಟದ ರಾಜ ಶುಭತುಂಗನ ಮಂತ್ರಿ ಪುರುಷೋತ್ತಮನ ಮಕ್ಕಳಾದ ಅಕಲಂಕ ಮತ್ತು ನಿಷ್ಕಲಂಕರು ಬೌದ್ಧ ತರ್ಕವನ್ನು ಕಲಿಯಲು ವೇಷ ಮರೆಸಿಕೊಂಡು ಬೌದ್ಧ ಮಠವನ್ನು ಸೇರುತ್ತಾರೆ. ಗುಟ್ಟು ಬಯಲಾದಾಗ ಓಡಿಹೋಗುವ ದಾರಿಯಲ್ಲಿ ನಿಷ್ಕಲಂಕ ಪ್ರಾಣ ಕೊಟ್ಟು ಅಣ್ಣನನ್ನು ಉಳಿಸುತ್ತಾನೆ. ಇದನ್ನು ಅಕ್ಷರಶಃ ಚರಿತ್ರೆಯೆಂದು ತೆಗೆದುಕೊಳ್ಳಲು ತೊಡಕುಗಳಿವೆ. ಶುಭತುಂಗನೆಂಬುದು ಎಂಟನೆಯ ಶತಮಾನದ ಒಂದನೆಯ ಕೃಷ್ಣನ ಬಿರುದಾದರೆ, ಮಾನ್ಯಖೇಟವು ರಾಜಧಾನಿಯಾದದ್ದು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲಕ್ಕೆ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಅಕಲಂಕರನ್ನು ಸಾಹಸತುಂಗನೆಂಬ ದೊರೆಯ ಮುಂದೆ ನಿಲ್ಲಿಸುತ್ತದೆ. ಕಥೆ ಹೇಗೂ ಇರಲಿ, ಅಕಲಂಕರ ಗ್ರಂಥಗಳು ಧರ್ಮಕೀರ್ತಿಯ ವಾದಗಳನ್ನು ಎಳೆಎಳೆಯಾಗಿ ಬಿಡಿಸಿ ಖಂಡಿಸುತ್ತವೆ. ಪರಮತದ ಗ್ರಂಥಗಳನ್ನು ಒಳಹೊಕ್ಕು ಓದದವರಿಗೆ ಅಂತಹ ಖಂಡನೆ ಸಾಧ್ಯವಿಲ್ಲ. ಅಲ್ಲಿ ದಾಟಬೇಕಾಗಿದ್ದುದು ಕಡಲಲ್ಲ, ಒಂದು ಮಠದ ಗೋಡೆ; ಅದನ್ನು ದಾಟೆಂದು ಯಾವ ನಿಯಮವೂ ಹೇಳಿರಲಿಲ್ಲ. ಅಕಲಂಕರನ್ನು ಹೊರಡಿಸಿದ್ದು ಉತ್ತರ ಸಿಗದ ಒಂದು ಪ್ರಶ್ನೆ.

ಪ್ರಶ್ನೆಯಿಲ್ಲದೆ, ಪದವಿಯ ಸಲುವಾಗಿ ಹೊರಟ ಪ್ರಯಾಣ ಹೇಗಿರುತ್ತದೆಂಬುದಕ್ಕೆ ಮೋಹನದಾಸ ಗಾಂಧಿಯವರ ಲಂಡನ್ ವಾಸಕ್ಕಿಂತ ಸ್ಪಷ್ಟವಾದ ದಾಖಲೆ ಬೇರೆ ದೊರೆಯದು. ಭಾವನಗರದ ಕಾಲೇಜಿನಲ್ಲಿ ಒಂದು ಅವಧಿಯ ಓದು ಅವರಿಗೆ ಹಿಡಿಸಿರಲಿಲ್ಲ. ಕುಟುಂಬದ ಹಿತೈಷಿಯಾದ ಮಾವಜಿ ದವೆಯವರು, ಇಲ್ಲಿ ಬಿ.ಎ. ಆಗಲು ನಾಲ್ಕೈದು ವರ್ಷ ಬೇಕು, ಅದರಿಂದ ದೊರೆಯುವುದು ಸಣ್ಣ ನೌಕರಿ. ಇಂಗ್ಲೆಂಡಿಗೆ ಹೋದರೆ ನಾಲ್ಕೈದು ಸಾವಿರ ರೂಪಾಯಿಯೊಳಗೆ ಬ್ಯಾರಿಸ್ಟರ್ ಆಗಬಹುದೆಂದು ಲೆಕ್ಕ ಹೇಳಿದರು. ಹೆಂಡತಿಯ ಒಡವೆ ಮಾರಿದರೆ ಎರಡು ಮೂರು ಸಾವಿರ ಹುಟ್ಟಬಹುದೆಂದು ಹುಡುಗ ಲೆಕ್ಕ ಹಾಕಿದ. ತಾಯಿ ಪುತಲೀಬಾಯಿಯವರ ಅಳುಕನ್ನು ನಿವಾರಿಸಿದವರು ಬೇಚರಜಿ ಸ್ವಾಮಿಗಳೆಂಬ ಜೈನ ಮುನಿ. ಮೂಲತಃ ಮೋಢ ಬನಿಯ ಜಾತಿಯವರೇ ಆಗಿದ್ದ ಅವರು ಮದ್ಯ, ಮಾಂಸ, ಪರಸ್ತ್ರೀಸಂಗ ಈ ಮೂರನ್ನು ಮುಟ್ಟುವುದಿಲ್ಲವೆಂಬ ವ್ರತವನ್ನು ಹುಡುಗನಿಗೆ ಕೊಟ್ಟ ಮೇಲೆ ತಾಯಿ ಒಪ್ಪಿದರು. ತಾನು ಕಾಲ್ನಡಿಗೆಯನ್ನು ಬಿಟ್ಟು ಬೇರೆ ರೀತಿ ಸಂಚರಿಸದ ಮುನಿಯೊಬ್ಬನು ಕಡಲಯಾನಕ್ಕೆ ದಾರಿ ಮಾಡಿಕೊಟ್ಟ ಈ ಪ್ರಸಂಗ, ನಿಷೇಧವನ್ನು ವ್ರತದಿಂದ ಬಿಡಿಸಿದ ಒಂದು ಜಾಣ್ಮೆಯ ಉದಾಹರಣೆ. ಜಾತಿಯ ಹಿರಿಯರಿಗೆ ಆ ಜಾಣ್ಮೆ ಇರಲಿಲ್ಲ. ಮುಂಬಯಿಯಲ್ಲಿ ಸಭೆ ಸೇರಿಸಿ ಹುಡುಗನನ್ನು ಜಾತಿಯಿಂದ ಹೊರಗಿಟ್ಟರು. ಅವನಿಗೆ ನೆರವಾದವರಿಗೂ ಬಂದರಿಗೆ ಬೀಳ್ಕೊಡಲು ಹೋದವರಿಗೂ ಒಂದು ರೂಪಾಯಿ ನಾಲ್ಕು ಆಣೆ ದಂಡ ವಿಧಿಸಿದರು. 1888ರ ಸೆಪ್ಟೆಂಬರ್ 4ರಂದು ಹಡಗು ಹೊರಟಿತು.

ಲಂಡನ್ನಿನಲ್ಲಿ ನಡೆದ ಕಾನೂನು ಶಿಕ್ಷಣದ ಸ್ವರೂಪವನ್ನು ಗಾಂಧಿಯವರೇ ಆತ್ಮಕಥೆಯಲ್ಲಿ ಮರೆಮಾಚದೆ ತಿಳಿಸಿದ್ದಾರೆ. ಬ್ಯಾರಿಸ್ಟರ್ ಆಗಲು ಎರಡು ಷರತ್ತುಗಳು: ಹನ್ನೆರಡು ಅವಧಿಗಳನ್ನು ಪೂರೈಸುವುದು ಮತ್ತು ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದು. ಅವಧಿ ಪೂರೈಸುವುದೆಂದರೆ ಪ್ರತಿ ಅವಧಿಯ ಸುಮಾರು ಇಪ್ಪತ್ತನಾಲ್ಕು ಔತಣಗಳಲ್ಲಿ ಆರಕ್ಕಾದರೂ ಹಾಜರಾಗುವುದು. ಊಟ ಮಾಡಲೇಬೇಕೆಂದಿಲ್ಲ, ಹೊತ್ತಿಗೆ ಸರಿಯಾಗಿ ಬಂದು ಕೊನೆಯವರೆಗೆ ಕೂತಿದ್ದರೆ ಸಾಕು. ಹಿಂದೊಮ್ಮೆ ವಿದ್ಯಾರ್ಥಿಗಳಿಗೂ ಹಿರಿಯ ವಕೀಲರಿಗೂ ಮಾತುಕತೆಯ ಅವಕಾಶವಾಗಿದ್ದ ಈ ಪದ್ಧತಿ ಆ ಕಾಲಕ್ಕೆ ತಿರುಳು ಕಳೆದುಕೊಂಡು ಸಿಪ್ಪೆ ಮಾತ್ರವಾಗಿತ್ತು. ಮೂರು ವರ್ಷ ಕಳೆದು 1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ದೊರೆಯಿತು. 12ರಂದು ಅವರು ಹಡಗು ಹತ್ತಿದರು. ಭಾರತದಲ್ಲಿ ವಕಾಲತ್ತು ನಡೆಸಲು ಬೇಕಾದ ಹಿಂದೂ ಮತ್ತು ಮುಸ್ಲಿಂ ಕಾನೂನು ಅವರಿಗೆ ತಿಳಿದಿರಲಿಲ್ಲ. ಒಂದು ದಾವೆಯ ಅರ್ಜಿಯನ್ನು ಬರೆಯುವುದೂ ತಿಳಿದಿರಲಿಲ್ಲ. ಪರದೇಶದಲ್ಲಿ ಮೂರು ವರ್ಷ ಇರಲೇಬೇಕೆಂಬ ಕಟ್ಟಳೆ ತಾನು ಏನನ್ನು ಕಲಿಸಬೇಕೆಂದು ಹೇಳಿಕೊಂಡಿತ್ತೋ ಅದನ್ನೇ ಕಲಿಸಲಿಲ್ಲ.

ಹಾಗೆಂದು ಆ ಮೂರು ವರ್ಷ ವ್ಯರ್ಥವಾಯಿತೇ? ಇಲ್ಲ. ಲಂಡನ್ನಿನ ಸಸ್ಯಾಹಾರಿ ಸಂಘ ಅವರಿಗೆ ಸಂಘಟನೆಯ ಮೊದಲ ಪಾಠ ಕಲಿಸಿತು. ತಾಯಿಗೆ ಕೊಟ್ಟ ಮಾತಾಗಿದ್ದ ಸಸ್ಯಾಹಾರ ಅಲ್ಲಿ ತಾವೇ ಆಯ್ದುಕೊಂಡ ನಂಬಿಕೆಯಾಯಿತು. ಭಗವದ್ಗೀತೆಯನ್ನು ಮೊದಲು ಓದಿದ್ದು ಅಲ್ಲಿಯೇ, ಥಿಯಾಸಫಿಸ್ಟ್ ಗೆಳೆಯರ ಜೊತೆಗೆ, ಎಡ್ವಿನ್ ಆರ್ನಾಲ್ಡನ ಇಂಗ್ಲಿಷ್ ಅನುವಾದದಲ್ಲಿ. ಪರದೇಶವು ಅವರಿಗೆ ಕೊಟ್ಟದ್ದು ಪಠ್ಯಕ್ರಮದ ಹೊರಗಿನದು. ಕಡ್ಡಾಯವನ್ನು ಸಮರ್ಥಿಸುವವರು ಇದನ್ನೇ ತಮ್ಮ ವಾದವಾಗಿ ಮುಂದಿಡಬಹುದು. ಆದರೆ ಇದು ನಿಯಮದಿಂದ ಹುಟ್ಟಿದ ಫಲವಲ್ಲ. ಅದೇ ಔತಣಗಳಲ್ಲಿ ಕೂತು, ಅದೇ ಪದವಿ ಪಡೆದು ಮರಳಿದ ಬೇರೆಯವರಿಗೆ ಅದು ದೊರೆಯಲಿಲ್ಲ. ಇನ್ನು, ಆ ಫಲ ಮಾಗಿದ್ದು ಎಲ್ಲಿ? ಊರಿಗೆ ಮರಳಿದ ದಿನವೇ ಮುಂಬಯಿಯಲ್ಲಿ ಡಾ. ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ಗಾಂಧಿಯವರಿಗೆ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು. ಶತಾವಧಾನಿಯೆಂದು ಹೆಸರಾಗಿದ್ದ ಆ ಜೈನ ಸಾಧಕನನ್ನು ಪರೀಕ್ಷಿಸಲೆಂದು ಇಂಗ್ಲೆಂಡಿನಿಂದ ಬಂದ ಬ್ಯಾರಿಸ್ಟರ್ ತನಗೆ ತಿಳಿದ ಯುರೋಪಿನ ಭಾಷೆಗಳ ಪದಗಳನ್ನೆಲ್ಲ ಬರೆದು ಓದಿದ. ರಾಜಚಂದ್ರರು ಅವನ್ನು ಅದೇ ಕ್ರಮದಲ್ಲಿ ಒಪ್ಪಿಸಿದರು. ಅವರ ಈ ಚಮತ್ಕಾರಕ್ಕಿಂತ ಆತ್ಮಜಿಜ್ಞಾಸೆ ಗಾಂಧಿಯವರನ್ನು ಸೆಳೆಯಿತು. ಮುಂದೆ 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಮತಾಂತರದ ಒತ್ತಡಗಳ ನಡುವೆ ಗಾಂಧಿಯವರು ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದು, ಹಡಗು ಹತ್ತಿರದ, ಯಾವ ವಿಶ್ವವಿದ್ಯಾಲಯವನ್ನೂ ನೋಡಿರದ ಈ ರತ್ನವ್ಯಾಪಾರಿಗೆ.

ಅದೇ ಕಾಲದ ಇನ್ನೊಬ್ಬ ಗಾಂಧಿಯ ಹೆಸರನ್ನೂ ಇಲ್ಲಿ ಹೇಳಬೇಕು. ಮಹುವಾದ ವೀರಚಂದ ರಾಘವಜಿ ಗಾಂಧಿಯವರು 1893ರ ಸೆಪ್ಟೆಂಬರಿನಲ್ಲಿ ಷಿಕಾಗೋದ ವಿಶ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮದ ಪ್ರತಿನಿಧಿಯಾಗಿ ಮಾತನಾಡಿದರು. ಆಹ್ವಾನ ಬಂದದ್ದು ಆತ್ಮಾರಾಮಜಿ ಎಂದು ಪ್ರಸಿದ್ಧರಾದ ವಿಜಯಾನಂದಸೂರಿಗಳಿಗೆ. ಮುನಿಧರ್ಮಕ್ಕೆ ಕಡಲಯಾನ ಸಲ್ಲದಾದ್ದರಿಂದ ಅವರು ಶ್ರಾವಕನೊಬ್ಬನನ್ನು ಸಿದ್ಧಗೊಳಿಸಿ ಕಳುಹಿಸಿದರು. ಸಮುದಾಯದೊಳಗಿನ ವಿರೋಧವನ್ನು ಎದುರಿಸಿಯೇ ವೀರಚಂದರು ಹೊರಟದ್ದು. ಕಲಿಯಲು ಹೋದವರಲ್ಲ, ಕಲಿಸಲು ಹೋದವರಾದರೂ ಅವರ ಪ್ರಯಾಣವು ಒಳಗಿನ ನಿಷೇಧ ಮತ್ತು ಹೊರಗಿನ ಒತ್ತಾಯ ಎರಡನ್ನೂ ಬದಿಗಿಟ್ಟ ಮೂರನೆಯ ದಾರಿಯೊಂದು ಇತ್ತೆಂಬುದಕ್ಕೆ ಸಾಕ್ಷಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ, ಇನ್ನೂ ತೊಡಕಿನ ನಿದರ್ಶನವೊಂದು ಜಪಾನಿನಲ್ಲಿದೆ. 1900ರಲ್ಲಿ ಜಪಾನಿನ ಶಿಕ್ಷಣ ಇಲಾಖೆ ಕುಮಾಮೊತೊ ನಗರದ ಪ್ರೌಢ ವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದ ಮೂವತ್ತಮೂರು ವಯಸ್ಸಿನ ನಾತ್ಸುಮೆ ಸೋಸೆಕಿಯನ್ನು ಇಂಗ್ಲೆಂಡಿಗೆ ಹೋಗಿ ಓದುವಂತೆ ಆಜ್ಞಾಪಿಸಿತು. ಅವನು ಕೇಳಿಕೊಂಡದ್ದಲ್ಲ. ಆಜ್ಞೆಯಲ್ಲಿದ್ದುದು ಇಂಗ್ಲಿಷ್ ಭಾಷೆಯ ಅಧ್ಯಯನ, ಸಾಹಿತ್ಯದ್ದಲ್ಲ. ವರ್ಷಕ್ಕೆ 1,800 ಯೆನ್ ವೇತನ; ಲಂಡನ್ನಿನ ಖರ್ಚಿಗೆ ಅದು ಏನೇನೂ ಸಾಲದು. ಯೂನಿವರ್ಸಿಟಿ ಕಾಲೇಜಿನಲ್ಲಿ ಡಬ್ಲ್ಯು.ಪಿ. ಕೇರ್ ಅವರ ಉಪನ್ಯಾಸಗಳಿಗೆ ಕೆಲವು ದಿನ ಹೋಗಿ, ಉಪಯೋಗವಿಲ್ಲವೆಂದು ಬಿಟ್ಟ. ಷೇಕ್ಸ್‌ಪಿಯರ್ ವಿದ್ವಾಂಸ ವಿಲಿಯಂ ಕ್ರೇಗ್ ಅವರ ಮನೆಗೆ ಸುಮಾರು ಒಂದು ವರ್ಷ ಖಾಸಗಿ ಪಾಠಕ್ಕೆ ಹೋದ. ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಬದಲಾಯಿಸುತ್ತ, ಊಟದ ಹಣದಲ್ಲಿ ಉಳಿಸಿ ಪುಸ್ತಕ ಕೊಳ್ಳುತ್ತ, ಯಾರೊಡನೆಯೂ ಬೆರೆಯದೆ ಎರಡು ವರ್ಷ ಕಳೆದ. ಅವನಿಗೆ ಹುಚ್ಚು ಹಿಡಿದಿದೆಯೆಂಬ ಸುದ್ದಿ ಜಪಾನಿಗೆ ಮುಟ್ಟಿತು. ತನ್ನ ಬಾಳಿನ ಅತ್ಯಂತ ಅಹಿತಕರವಾದ ಎರಡು ವರ್ಷಗಳೆಂದು ಆತ ಮುಂದೆ ಅವನ್ನು ಬಣ್ಣಿಸಿದ.

ಆದರೆ ಆ ಕೋಣೆಯಲ್ಲಿಯೇ ಒಂದು ದೊಡ್ಡ ಸಂಗತಿ ನಡೆಯಿತು. ಬಾಲ್ಯದಿಂದ ಚೀನೀ ಅಭಿಜಾತ ಗ್ರಂಥಗಳನ್ನು ಓದಿ ಬೆಳೆದ ಸೋಸೆಕಿಗೆ ಸಾಹಿತ್ಯವೆಂದರೆ ಏನೆಂಬ ಒಂದು ಕಲ್ಪನೆಯಿತ್ತು. ಇಂಗ್ಲಿಷ್ ಸಾಹಿತ್ಯವೆಂದು ಕರೆಸಿಕೊಳ್ಳುವುದು ಆ ಕಲ್ಪನೆಯೊಳಗೆ ಹಿಡಿಯುವುದಿಲ್ಲವೆಂದು ಅವನಿಗೆ ಮನವರಿಕೆಯಾಯಿತು. ಎರಡಕ್ಕೂ ಒಂದೇ ಹೆಸರಿಟ್ಟು ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುವುದನ್ನು ಬಿಟ್ಟು, ಸಾಹಿತ್ಯವೆಂದರೇನೆಂಬುದನ್ನೇ ಬುಡದಿಂದ ಕೇಳಲು ತೊಡಗಿದ. ಸಾಹಿತ್ಯದ ಪುಸ್ತಕಗಳನ್ನೆಲ್ಲ ಪೆಟ್ಟಿಗೆಯ ತಳಕ್ಕೆ ಹಾಕಿ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದಿದ. ಆ ಟಿಪ್ಪಣಿಗಳಿಂದ ಹುಟ್ಟಿದ ‘ಬುಂಗಾಕುರೊನ್’, ಎಂದರೆ ಸಾಹಿತ್ಯಸಿದ್ಧಾಂತ, 1907ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ವಿಮರ್ಶೆಯ ಅಳತೆಗೋಲಿನಿಂದ ಪಂಪನನ್ನೂ ರನ್ನನನ್ನೂ ಅಳೆಯುವ ಅಭ್ಯಾಸವಿರುವ ಕನ್ನಡ ವಿಭಾಗಗಳಲ್ಲಿ ಈ ಜಪಾನೀ ಅಧ್ಯಾಪಕನ ಸಂಕಟ ಇನ್ನಷ್ಟು ಚರ್ಚೆಯಾಗಬೇಕಾಗಿತ್ತು.

ಈ ನಿದರ್ಶನ ಕಡ್ಡಾಯದ ಪರವೋ ವಿರೋಧವೋ ಎಂದು ತೀರ್ಮಾನಿಸುವುದು ಸುಲಭವಲ್ಲ. ಆಜ್ಞೆಯಿಲ್ಲದಿದ್ದರೆ ಸೋಸೆಕಿ ಹೊರಡುತ್ತಿರಲಿಲ್ಲ. ಹೊರಡದಿದ್ದರೆ ಆ ಪ್ರಶ್ನೆ ಅಷ್ಟು ತೀವ್ರವಾಗಿ ಹುಟ್ಟುತ್ತಿತ್ತೋ ಇಲ್ಲವೋ. ಇಷ್ಟನ್ನು ಒಪ್ಪಿಕೊಳ್ಳಲೇಬೇಕು. ಆದರೆ ಇಲಾಖೆ ಬಯಸಿದ್ದು ಆ ಪ್ರಶ್ನೆಯನ್ನಲ್ಲ. ಚೆನ್ನಾಗಿ ಇಂಗ್ಲಿಷ್ ಮಾತನಾಡುವ ಅಧ್ಯಾಪಕನನ್ನು ಅದು ಬಯಸಿತ್ತು. ಸೋಸೆಕಿ ಕಲಿತದ್ದು ಆಜ್ಞೆಯನ್ನು ಪಾಲಿಸಿದ್ದರಿಂದಲ್ಲ, ತರಗತಿ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡದ್ದರಿಂದ. ಹಾಜರಾತಿ ಮತ್ತು ಅಂಕಗಳನ್ನು ಎಣಿಸುವ ಇಂದಿನ ಸೆಮಿಸ್ಟರ್ ಪದ್ಧತಿಯಲ್ಲಿ ಅಂತಹ ವಿದ್ಯಾರ್ಥಿ ಮೊದಲ ವರ್ಷವೇ ಅನುತ್ತೀರ್ಣನಾಗುತ್ತಿದ್ದ. ಅದಲ್ಲದೆ, ಒಬ್ಬನ ಮನಸ್ಸನ್ನು ಮುರಿಯುವ ಅಂಚಿಗೆ ತಂದ ವ್ಯವಸ್ಥೆಯನ್ನು ಅದರಿಂದ ಬಂದ ಒಂದು ಗ್ರಂಥದ ನೆಪದಲ್ಲಿ ಎಲ್ಲರಿಗೂ ವಿಧಿಸುವುದು ನ್ಯಾಯವಲ್ಲ.

ಕನ್ನಡದ ಅನುಭವವೂ ಒಂದೇ ದಿಕ್ಕಿಗೆ ಬೊಟ್ಟು ಮಾಡುವುದಿಲ್ಲ. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಕಡಲನ್ನೇ ವಸ್ತುವಾಗುಳ್ಳ ‘ಸಮುದ್ರ ಗೀತೆಗಳು’ ಕನ್ನಡಕ್ಕೆ ದೊರೆಯಿತು. ಯು.ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ. ಅಗ್ರಹಾರವನ್ನು ಅಷ್ಟು ದೂರದಿಂದ ನೋಡಿದ್ದು ಕಾದಂಬರಿಗೆ ನೆರವಾಗಿದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಹೊಸಗನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿದ ‘ಇಂಗ್ಲಿಷ್ ಗೀತಗಳು’ ಸಂಕಲನದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲೆಂಡಿನಲ್ಲಿ ಓದಿದವರಲ್ಲ. ಮಂಜೇಶ್ವರದ ಮನೆಯ ಗ್ರಂಥಭಂಡಾರದಲ್ಲಿ ಕುಳಿತೇ ಗ್ರೀಕ್, ಲ್ಯಾಟಿನ್ ಸೇರಿದಂತೆ ಹಲವು ಭಾಷೆಗಳನ್ನು ಸಾಧಿಸಿಕೊಂಡ ಗೋವಿಂದ ಪೈಗಳನ್ನು ಯಾವ ನಿಯಮ ಎಲ್ಲಿಗೆ ಕಳುಹಿಸಬೇಕಾಗಿತ್ತು?

ಹಾಗಾದರೆ ಕಡ್ಡಾಯಕ್ಕೆ ಸ್ಥಾನವೇ ಇಲ್ಲವೆ? ಇದೆ, ಅದು ವಿಷಯವೇ ವಿಧಿಸುವ ಕಡ್ಡಾಯ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳನ್ನು ಪದವಿಗೆ ಓದುವವರು ಸಾಮಾನ್ಯವಾಗಿ ಒಂದು ವರ್ಷವನ್ನು ಆ ಭಾಷೆಯ ನಾಡಿನಲ್ಲಿ ಕಳೆಯಬೇಕಾಗುತ್ತದೆ. ಅದರ ಔಚಿತ್ಯವನ್ನು ಯಾರೂ ಪ್ರಶ್ನಿಸುವುದಿಲ್ಲ. ಶಾಸನ ಓದುವವನು ಕಲ್ಲಿನ ಬಳಿಗೆ ಹೋಗಲೇಬೇಕಾದಂತೆ ಅದು. ಹೆರ್ಮನ್ ಯಾಕೋಬಿ ಎಂಬ ಇಪ್ಪತ್ತಮೂರರ ಜರ್ಮನ್ ತರುಣ 1873-74ರ ಚಳಿಗಾಲದಲ್ಲಿ ಜಾರ್ಜ್ ಬ್ಯೂಲರರ ಜೊತೆ ರಾಜಪುತಾನದ ಮರಳುಗಾಡಿನಲ್ಲಿ ಜೈಸಲ್ಮೇರಿನ ಜ್ಞಾನಭಂಡಾರದವರೆಗೆ ಬಂದದ್ದು ಪದವಿಗಾಗಿಯಲ್ಲ. ಡಾಕ್ಟರೇಟ್ ಆಗಲೇ ದೊರೆತಿತ್ತು. ಹಸ್ತಪ್ರತಿಗಳು ಅಲ್ಲಿದ್ದವು, ಆದ್ದರಿಂದ ಬಂದ. 1879ರಲ್ಲಿ ಹೊರಬಂದ ಅವನ ಕಲ್ಪಸೂತ್ರದ ಆವೃತ್ತಿ ಜೈನಧರ್ಮವು ಬೌದ್ಧಧರ್ಮದ ಶಾಖೆಯೆಂಬ ಪಾಶ್ಚಾತ್ಯರ ತಪ್ಪು ಕಲ್ಪನೆಯನ್ನು ಅಲುಗಾಡಿಸಿತು. ಅರುವತ್ತನ್ನು ದಾಟಿದ ಮೇಲೆ, 1913-14ರಲ್ಲಿ, ಮತ್ತೆ ಬಂದಾಗ ಅಹಮದಾಬಾದಿನಲ್ಲಿ ಅವರ ಕೈಗೆ ಬಂದ ಹಸ್ತಪ್ರತಿ ಧನಪಾಲನ ‘ಭವಿಸತ್ತಕಹಾ’. ಅಪಭ್ರಂಶ ಸಾಹಿತ್ಯದ ಆಧುನಿಕ ಅಧ್ಯಯನಕ್ಕೆ ಅದು ಬುನಾದಿಯಾಯಿತು.

ಯಾಕೋಬಿ ಬಂದ ದಾರಿಗೆ ಎದುರು ದಾರಿಯಲ್ಲಿ ಡಾ. ಆ.ನೇ. ಉಪಾಧ್ಯೆಯವರು ಹೋಗಬೇಕಾಗಿ ಬರಲಿಲ್ಲ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಕಲಿಸುತ್ತ ಅವರು 1935ರಲ್ಲಿ ಹೊರತಂದ ಕುಂದಕುಂದಾಚಾರ್ಯರ ‘ಪ್ರವಚನಸಾರ’ದ ಆವೃತ್ತಿ ಮತ್ತು ಅದರ ಸುದೀರ್ಘ ಪ್ರಸ್ತಾವನೆ ಯುರೋಪಿನ ಪ್ರಾಕೃತ ವಿದ್ವಾಂಸರೂ ಆಧಾರವಾಗಿಟ್ಟುಕೊಳ್ಳುವ ಕೃತಿ. ಅದು ಪ್ರಕಟವಾದದ್ದು ಶ್ರೀಮದ್ ರಾಜಚಂದ್ರರ ಹೆಸರಿನ ಗ್ರಂಥಮಾಲೆಯಲ್ಲಿ. ‘ಕುವಲಯಮಾಲಾ’ವನ್ನು ಸಂಪಾದಿಸಿ, ವಿಜಯಪುರಿಯ ಆ ಹರಟೆಮಲ್ಲ ಛಾತ್ರರನ್ನು ಇಂದಿನ ಓದುಗರಿಗೆ ಕೊಟ್ಟವರೂ ಅವರೇ. ಉಪಾಧ್ಯೆಯವರಿಗೆ ಬೇಕಾಗಿದ್ದ ಪರದೇಶ ಅಂಚೆಯ ಮೂಲಕ ಬರುತ್ತಿತ್ತು: ಪತ್ರ, ಲೇಖನ, ಗ್ರಂಥಗಳ ರೂಪದಲ್ಲಿ. ಅವರಿಗೆ ಪದವಿ ಕೊಡುವ ಮೊದಲು ಬಾನ್ ಅಥವಾ ಬರ್ಲಿನ್ನಿನಲ್ಲಿ ಆರು ತಿಂಗಳು ಇದ್ದು ಬರಬೇಕೆಂದು ಮುಂಬಯಿ ವಿಶ್ವವಿದ್ಯಾಲಯ ಕಟ್ಟಳೆ ಮಾಡಿದ್ದರೆ ಗಳಿಸುತ್ತಿದ್ದುದಕ್ಕಿಂತ ಕಳೆದುಕೊಳ್ಳುತ್ತಿದ್ದುದು ಹೆಚ್ಚು.

ಗೌಚರ್ ಕಾಲೇಜು ತನ್ನ ನಿಯಮದ ಜೊತೆಗೆ ವಿದ್ಯಾರ್ಥಿಗೆ ಒಂದಿಷ್ಟು ಪ್ರಯಾಣದ ಹಣವನ್ನೂ ಕೊಟ್ಟಿತು. ಕಡ್ಡಾಯ ಮಾಡುವ ಸಂಸ್ಥೆ ಖರ್ಚಿನ ಹೊಣೆಯನ್ನೂ ಹೊರಬೇಕೆಂಬ ಕನಿಷ್ಠ ನೀತಿ ಅಲ್ಲಿತ್ತು. ಲಂಡನ್ನಿನ ಪರೀಕ್ಷಕರಿಗೆ ಅದು ಇರಲಿಲ್ಲ. ಆದರೂ ಭಾರತದ ಸರ್ಕಾರಿ ಕಾಲೇಜಿನಿಂದ ಬರುವ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿನಿಗೆ ಇಂತಹ ನಿಯಮವನ್ನು ವಿಧಿಸಿದರೆ 1878ರ ವಯೋಮಿತಿ ಮಾಡಿದ ಕೆಲಸವನ್ನೇ ಅದೂ ಮಾಡೀತು. ವಿಶ್ವವಿದ್ಯಾಲಯಗಳ ಮೇಲೆ ಹೊರಿಸಬಹುದಾದ ಕಟ್ಟಳೆ ಬೇರೆಯದೇ ಇದೆ: ವಿದ್ಯಾರ್ಥಿಯ ವಿಷಯಕ್ಕೆ ಬೇಕಾದ ಆಕರ ಎಲ್ಲಿದೆಯೋ ಅಲ್ಲಿಗೆ ಅವಳನ್ನು ಕಳುಹಿಸುವ ಹಣವನ್ನು ತೆಗೆದಿರಿಸುವುದು. ಅದು ಸ್ಟ್ರಾಸ್‌ಬರ್ಗ್‌ನ ಜೈನ ಹಸ್ತಪ್ರತಿ ಸಂಗ್ರಹವಾಗಿರಬಹುದು, ಕೊಪ್ಪಳದ ಬೆಟ್ಟವೂ ಆಗಿರಬಹುದು.

ಇದು ಊಹೆಯ ಮಾತಲ್ಲ. ‘ಷಟ್‌ಖಂಡಾಗಮ’ಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಇದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಅಮರಾವತಿಯ ಪ್ರಾಧ್ಯಾಪಕ ಡಾ. ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದದ್ದು ಪ್ರತಿಯ ಪ್ರತಿಗಳು. ಮೂಲ ಗರಿಗಳು ಇನ್ನೂ ಅವರಿಗೆ ದೊರೆತಿರಲಿಲ್ಲ. ಮೂಡಬಿದಿರೆಯ ಬಾಗಿಲು ತೆರೆದು, ಮೂಲದೊಡನೆ ಹೋಲಿಸಿ ನೋಡಿದ ಮೇಲೆ ಆ ಪಾಠಗಳಲ್ಲಿ ತಿದ್ದುಪಡಿಗಳನ್ನು ಮಾಡಿಕೊಳ್ಳಬೇಕಾಯಿತು.